ಬಸವ್ವಾಯಿಯ ಲಂಡನ್ನು

ಲಂಡನ್ನಿಗೆ ಒಮ್ಮೆಯೂ ಹೋಗದೆ, ಅದರ ಒಂದು ಪಟವನ್ನೂ ನೆಟ್ಟಗೆ ನೋಡದೆ, ಆ ಊರನ್ನು ಮೂರು ವರ್ಷ ವಾರ ತಪ್ಪದೆ ವರ್ಣಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನಿದ್ದರೆ ಅವನು ಆಕ್ಲೆಂಡಿನ ಮೌಂಟ್ ಆಲ್ಬರ್ಟಿನ ಶಿವಪ್ರಸಾದ. ಪೆನ್‌ರೋಸಿನ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಡಬ್ಬಿಗಳ ಗಟ್ಟಿತನ ಪರೀಕ್ಷಿಸುವುದು ಅವನ ಉದ್ಯೋಗ. ತನ್ನ ಸುಳ್ಳಿನ ಗಟ್ಟಿತನವನ್ನು ಮಾತ್ರ ಅವನು ಯಾವತ್ತೂ ಪರೀಕ್ಷಿಸಲು ಹೋಗಿರಲಿಲ್ಲ.

ಪ್ರತಿ ಭಾನುವಾರ ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಅವನು "ಹಾಲು ತರ್ತೀನಿ" ಎಂದು ಮನೆಯಿಂದ ಹೊರಬೀಳುವನು. ಫ್ರಿಜ್ಜಿನಲ್ಲಿ ಎರಡು ಕ್ಯಾನು ಹಾಲಿದ್ದರೂ ಹೊರಬೀಳುವನು. ನ್ಯೂ ನಾರ್ತ್ ರಸ್ತೆಯ ಡೇರಿ ಅಂಗಡಿಯ ಪಕ್ಕ, ರೈಲ್ವೆ ಗೇಟಿಗೆ ನೂರು ಹೆಜ್ಜೆ ಈಚೆ ತನ್ನ ಹಸಿರು ಕಾರು ನಿಲ್ಲಿಸಿ, ಗಾಜು ಏರಿಸಿ, ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, ಒಳಜೇಬಿನಿಂದ ಎರಡನೆಯ ಫೋನು ತೆಗೆದು, ಆಚೆ ಬೀದಿಯ ಮನೆಯಲ್ಲಿ ಕುಳಿತ ಸ್ವಂತ ತಾಯಿಗೆ ಕರೆ ಮಾಡುವನು.

"ಏ ಬಸವ್ವಾ! ಆರಾಮ ಅದೀ?"

ಹಡೆದ ತಾಯಿಯನ್ನು ಹೆಸರು ಹಿಡಿದು ಕೂಗುವ ಸಲಿಗೆ ಶಿವಪ್ರಸಾದನದಲ್ಲ. ಅದು ಅವನ ತಮ್ಮ ಉದಯಶಂಕರನದು. ಉದಯಶಂಕರ ಲಂಡನ್ನಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಇದ್ದ ಎಂದರೆ, ಈಗ ಇಲ್ಲ. 2013ರ ಮಾರ್ಚಿನ ಒಂದು ಬೆಳಿಗ್ಗೆ ಡ್ಯೂಟಿಗೆ ಹೋಗಲು ಬಸ್ ಸ್ಟಾಪಿನಲ್ಲಿ ನಿಂತವನು ಅಲ್ಲೇ ಕುಸಿದ. ಮೂವತ್ತೆಂಟು ವಯಸ್ಸು, ಮದುವೆಯಿಲ್ಲ, ಮಕ್ಕಳಿಲ್ಲ. ಅಣ್ಣನಿಗೆ ವೀಸಾ ಸಿಗುವ ಹೊತ್ತಿಗೆ ಎಲ್ಲ ಮುಗಿದು ಹೋಗಿತ್ತು.

ಆಗ ಬಸವ್ವನ ಎದೆಗೆ ಸ್ಟೆಂಟು ಹಾಕಿ ಆರು ದಿನ. ಡಾಕ್ಟರು, ಮೂರು ವಾರ ಈಕೆಗೆ ಯಾವ ಆಘಾತವೂ ಆಗಕೂಡದು ಎಂದು ತಾಕೀತು ಮಾಡಿದ್ದರು. ಭಾನುವಾರ ಬಂತು, ಆರು ಗಂಟೆಯಾಯಿತು. ಮುದುಕಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಏಳಾಯಿತು. "ಉದ್ಯಾ ಯಾಕ ಫೋನ್ ಮಾಡವಲ್ಲ?" ಎಂದು ಎದೆ ಒತ್ತಿಕೊಂಡಳು. ಶಿವಪ್ರಸಾದ ಕಾರಿಗೆ ಓಡಿದ. ಅಣ್ಣತಮ್ಮಂದಿರ ದನಿ ಹೇಗೂ ಒಂದೇ ಬಾವಿಯ ನೀರು, ಕರವಸ್ತ್ರ ಅಡ್ಡ ಬಂದರೆ ಉಳಿದ ವ್ಯತ್ಯಾಸವೂ ಮುಚ್ಚಿಹೋಗುತ್ತದೆ. ಮುದುಕಿಯ ಫೋನಿನಲ್ಲಿ ಆ ಎರಡನೆಯ ನಂಬರಿಗೆ ಉದಯನ ಫೋಟೋ ಅಂಟಿಸಿದವನೂ ಅವನೇ.

ಮೂರು ವಾರಕ್ಕೆಂದು ಶುರುವಾದದ್ದು ಮೂರು ವರ್ಷವಾಯಿತು. ಸುಳ್ಳಿನದೂ ನಮ್ಮ ವೀಸಾದ ಕತೆಯೇ. ಮೊದಲ ಸಲ ಸಿಗುವಾಗ ಕೈಕಾಲು ನಡುಗುತ್ತವೆ, ಆಮೇಲೆ ತಾನಾಗಿ ರಿನ್ಯೂ ಆಗುತ್ತ ಹೋಗುತ್ತದೆ.

ಈಗ ತೊಂದರೆ ಏನೆಂದರೆ, ಬಸವ್ವ ಬರೀ "ಆರಾಮ" ಎಂಬ ಮಾತಿಗೆ ಬಿಡುವ ಹೆಂಗಸಲ್ಲ. ಮನಿ ಹೆಂಗೈತಿ, ಹೊರಗ ಏನ್ ಕಾಣತೈತಿ, ಮಂದಿ ಏನ್ ಉಡ್ತಾರ ಎಂದು ಕೆದಕುವಳು. ಲಂಡನ್ನಿನ ಬಗ್ಗೆ ಓದಿಕೊಂಡು ಬರೋಣವೆಂದು ಶಿವಪ್ರಸಾದ ಒಂದೆರಡು ಸಲ ಕಂಪ್ಯೂಟರಿನ ಮುಂದೆ ಕುಳಿತದ್ದುಂಟು. ಪ್ರತಿ ಚಿತ್ರದಲ್ಲೂ ಒಂದು ಬಸ್ ಸ್ಟಾಪು. ಮುಚ್ಚಿಟ್ಟು ಎದ್ದ. ಅಂದಿನಿಂದ ಕಾರಿನ ಮುಂದಿನ ಗಾಜಿನಲ್ಲಿ ಏನು ಕಂಡಿತೋ ಅದೇ ಲಂಡನ್ನು. ಗುಡ್ಡ ಕಂಡರೆ ಲಂಡನ್ನಿಗೆ ಗುಡ್ಡ, ಬೇಕರಿ ಕಂಡರೆ ಬೇಕರಿ, ಡೇರಿ ಅಂಗಡಿಯ ಮೂರು ಕಾಲಿನ ನಾಯಿ ಕುಂಟುತ್ತ ಬಂದರೆ ಲಂಡನ್ನಿಗೂ ಒಂದು ಕುಂಟು ನಾಯಿ.

ಒಮ್ಮೆ ಮಾತಿನ ನಡುವೆ ರೈಲ್ವೆ ಗೇಟಿನ ಗಂಟೆ ಹೊಡೆಯಿತು. ಮನೆಯ ಕಿಟಕಿಯಿಂದಲೂ ಕೇಳಿತು, ಫೋನಿನಿಂದಲೂ ಕೇಳಿತು. "ಅಲ್ಲೂ ಈಗ ರೈಲು ಬಂತೇನ?" ಎಂದಳು ಬಸವ್ವ. ಶಿವಪ್ರಸಾದ ಕರವಸ್ತ್ರವನ್ನು ಬಾಯಿಗೆ ಇನ್ನಷ್ಟು ಒತ್ತಿದ. ಆದರೆ ಉತ್ತರವನ್ನು ಮುದುಕಿಯೇ ಕೊಟ್ಟುಕೊಂಡಳು. ಇಲ್ಲಿನ ನೋಟಿನ ಮೇಲೂ ಆ ರಾಣಿ, ಅಲ್ಲಿನ ನೋಟಿನ ಮೇಲೂ ಅದೇ ರಾಣಿ. ಒಂದೇ ಮನೆತನದ ರೈಲು, ವೇಳೆ ಕೂಡಿಸಿ ಇಟ್ಟಿದ್ದಾರೆ! ಬೈಲಹೊಂಗಲದಲ್ಲಿ ಬಸ್ಸು ಎಂದೂ ವೇಳೆಗೆ ಬಂದದ್ದನ್ನು ಕಾಣದ ಬಸವ್ವನಿಗೆ ಇದು ಬಹಳ ಹಿಡಿಸಿತು.

ಮಾತು ಮುಗಿದ ಮೇಲೂ ಬಸವ್ವ ತಾನಾಗಿ ಫೋನು ಇಡುತ್ತಿರಲಿಲ್ಲ. "ಹೆತ್ತಾಕಿ ಮಗನ ದನಿ ಕಡೀಬಾರದು" ಎನ್ನುವಳು. ಅವನೇ ಕಡಿಯುವ ತನಕ ಕಿವಿಗೆ ಹಿಡಿದು ಕೂಡ್ರುವಳು.

ಇದು ಹೀಗೇ ಮುದುಕಿಯ ಕಾಲ ಮುಗಿಯುವ ತನಕ ಸಾಗುತ್ತಿತ್ತೋ ಏನೋ. ಆದರೆ 2016ರ ಆಗಸ್ಟಿನಲ್ಲಿ ಶನಿವಾರದ ಕನ್ನಡ ಶಾಲೆಯ ಟೀಚರು ಗಾನವಿಗೆ ಒಂದು ಐಡಿಯಾ ಹೊಳೆಯಿತು. ಬೆಂಗಳೂರಿನ ಈ ಹುಡುಗಿಗೆ ವಾರಕ್ಕೊಂದು ಐಡಿಯಾ ಹೊಳೆಯುವುದು ಎಲ್ಲರಿಗೂ ಗೊತ್ತಿದ್ದ ಕಾಯಿಲೆಯೇ. ಈ ಸಲದ್ದರ ಹೆಸರು "ಲೋಕ ಪರಿಚಯ". ಪ್ರತಿ ಶನಿವಾರ ದೊಡ್ಡವರೊಬ್ಬರು ಮಕ್ಕಳಿಗೆ ಒಂದು ರಾಜಧಾನಿಯನ್ನು ಕನ್ನಡದಲ್ಲಿ ಪರಿಚಯಿಸಬೇಕು. ಮೊದಲು ಯೂರೋಪು, ಅದರಲ್ಲೂ ಮೊದಲು ಲಂಡನ್ನು.

"ಲಂಡನ್ನು ನನಗೆ ಬಿಡಿ. ಎರಡು ವರ್ಷ ಇದ್ದೋನು ನಾನು" ಎಂದರು ಬದರಿನಾಥ್. ಮೈಸೂರಿನ ಕಡೆಯ ಸಾಫ್ಟ್‌ವೇರ್ ಎಂಜಿನಿಯರು. ಆ ಎರಡು ವರ್ಷವನ್ನು ಅವರು ಹನ್ನೆರಡು ವರ್ಷದಿಂದ ಬಳಸುತ್ತಿದ್ದರು.

"ಎರಡ ವರ್ಷ ಅಂದ್ರ ನೀವು ಪಾವ್ಣ್ಯಾರು. ನನ್ನ ಮಗ ಅಲ್ಲಿ ಹನ್ನೊಂದ ವರ್ಷದಿಂದ ಅದಾನ" ಎಂದಳು ಮೂಲೆಯ ಕುರ್ಚಿಯಿಂದ ಬಸವ್ವ.

ಗಾನವಿ ಚಪ್ಪಾಳೆ ತಟ್ಟಿದಳು. "ಆಂಟಿ, ಹಾಗಾದ್ರೆ ನೀವೂ ಹೇಳ್ಲೇಬೇಕು! ಬದರಿ ಸರ್ ಹದಿನೈದು ನಿಮಿಷ, ನೀವು ಹದಿನೈದು ನಿಮಿಷ."

ಶಿವಪ್ರಸಾದ ಓಡಿ ಬಂದ. ಅವ್ವನಿಗೆ ಮೊಣಕಾಲು ನೋವು, ಕಣ್ಣಿಗೆ ಪೊರೆ, ದನಿ ಬೀಳುತ್ತದೆ, ಥಂಡಿ ಆಗುವುದಿಲ್ಲ ಎಂದು ನಾಲ್ಕು ಕಾರಣ ಒಂದೇ ಉಸಿರಿಗೆ ಕೊಟ್ಟ. "ನನ್ನ ಬಾಯಿಗೆ ಪೊರಿ ಬಂದಿಲ್ಲೋ ಶಿವ್ಯಾ" ಎಂದಳು ತಾಯಿ. ಅಲ್ಲಿಗೆ ತೀರ್ಮಾನವಾಯಿತು.

ಮುಂದಿನ ಶನಿವಾರ ಸಭಾಂಗಣದಲ್ಲಿ ಹದಿಮೂರು ಮಕ್ಕಳು, ಅವರ ತಂದೆತಾಯಂದಿರು. ಬದರಿನಾಥ್ ನಲವತ್ತೆರಡು ಸ್ಲೈಡು ತಂದಿದ್ದರು. ನದಿಯ ಉದ್ದ, ಸೇತುವೆಗಳ ಸಂಖ್ಯೆ, ಸುರಂಗ ರೈಲಿನ ಇತಿಹಾಸ. ಒಂಬತ್ತನೆಯ ಸ್ಲೈಡಿಗೆ ಒಂದು ಮಗು ಮೇಜಿನ ಕೆಳಗೆ ಮಲಗಿತು. ಹದಿನಾಲ್ಕಕ್ಕೆ ಸ್ವಂತ ಮಗ ಧನಂಜಯನೇ, "ಅಪ್ಪಾ, ಹೌ ಮೆನಿ ಮೋರ್?" ಎಂದ. ಗಾನವಿ ನಯವಾಗಿ ಪ್ರೊಜೆಕ್ಟರು ಆರಿಸಿದಳು.

ಬಸವ್ವ ಇಳಕಲ್ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ ಹಾಕಿ, ಹಣೆಗೆ ವಿಭೂತಿ ಬಳಿದು ಕುರ್ಚಿಯಲ್ಲಿ ಕುಳಿತಳು.

"ಕೇಳ್ರಿ ಹುಡುಗೂರಾ. ಲಂಡನ್ನ ಅಂದ್ರ ಅಂಜಬ್ಯಾಡ್ರಿ. ಭಾಳ ದೊಡ್ಡದಲ್ಲ ಅದು. ನಮ್ಮ ಉದ್ಯಾನ ಮನಿ ಹಿಂದ ಒಂದು ಗುಡ್ಡ ಐತಿ. ಅದರ ನೆತ್ತಿ ಮ್ಯಾಲ ಬಟ್ಟಲದಂಗ ಒಂದು ತೆಗ್ಗು. ಅಲ್ಲಿ ಹುಡುಗೂರು ರಟ್ಟಿನ ಮ್ಯಾಲ ಕುಂತು ಜರ್‍ರಂತ ಜಾರ್ತಾರ."

ಮೇಜಿನ ಕೆಳಗಿನ ಮಗು ಎದ್ದು ಕುಳಿತಿತು.

"ಅಮ್ಮಾ, ಲಂಡನ್ನಲ್ಲಿ ಅಂಥ ಗುಡ್ಡ ಇಲ್ಲಮ್ಮಾ" ಎಂದರು ಬದರಿನಾಥ್.

"ನೀವು ಆಫೀಸಿಗೆ ಹೋಗಿ ಮನಿಗೆ ಬಂದೀರಿ. ಗುಡ್ಡದ ಕಡೆ ಯಾಕ ಹೋಗಿದ್ದೀರಿ?" ಎಂದಳು ಬಸವ್ವ. ಮಕ್ಕಳು ಕೇಕೆ ಹಾಕಿದರು. "ಕ್ರಿಸ್‌ಮಸ್ಸಿಗೆ ಅಲ್ಲಿ ಬಿಸಿಲ ಹೊಡೀತೈತಿ. ಮಂದಿ ಚಡ್ಡಿ ಮ್ಯಾಲ ಅಡ್ಡಾಡ್ತಾರ. ಆಗ ರಸ್ತಾ ತುಂಬ ಕೆಂಪನ ಹೂವಿನ ಗಿಡ. ಗುಡ್ಡದ ಕೆಳಗ ಒಂದು ಅಂಗಡಿ. ಅಂಗಡಿ ಮುಂದ ಒಂದು ನಾಯಿ, ಅದಕ್ಕ ಮೂರ ಕಾಲು. ಹೆಸರು ಬಿಸ್ಕೀಟ."

"ಬಿಸ್ಕಿಟ್!" ಎಂದು ಹದಿಮೂರೂ ಮಕ್ಕಳು ಒಟ್ಟಿಗೆ ಕಿರುಚಿದವು. ಧನಂಜಯ ಕುರ್ಚಿ ಹತ್ತಿ ನಿಂತ. "ದಟ್ಸ್ ನಾಟ್ ಲಂಡನ್! ದಟ್ಸ್ ಅವರ್ ಬಿಸ್ಕಿಟ್! ಹಿ ಲಿವ್ಸ್ ಅಟ್ ದ ಡೇರಿ!"

ಹಿಂದಿನ ಸಾಲಿನಲ್ಲಿ ಮಕ್ಕಳಿಗೆ ಚುರುಮುರಿ ಹಾಕುತ್ತಿದ್ದ ಶಿವಪ್ರಸಾದನ ಕೈಯಿಂದ ಸೌಟು ಜಾರಿ ಬಿತ್ತು. ಅವನ ಹೆಂಡತಿ ಮೇಘಾ ಅದನ್ನು ಎತ್ತಿಕೊಡಲಿಲ್ಲ. ಹನ್ನೊಂದು ವರ್ಷದ ಮಗಳು ಪ್ರಾಚಿ ತಲೆ ತಗ್ಗಿಸಿಕೊಂಡಳು. ಆ ಮನೆಯಲ್ಲಿ ಬಸವ್ವನೊಬ್ಬಳ ಹೊರತು ಎಲ್ಲರಿಗೂ ನಿಜ ಗೊತ್ತಿತ್ತು. ಸುಳ್ಳು ಹೇಳಬಾರದೆಂದು ಮಗಳಿಗೆ ದಿನಾ ಪಾಠ ಮಾಡುವ ತಂದೆಯೇ, ಕಾಕಾನ ವಿಷಯ ಆಯಿಯ ಮುಂದೆ ಉಸುರಬಾರದೆಂದು ಆಣೆ ಹಾಕಿಸಿಕೊಂಡಿದ್ದ.

ಬಸವ್ವ ಮಾತ್ರ ಜಗ್ಗಲಿಲ್ಲ. "ಅಂಥಾ ನಾಯಿ ಅಲ್ಲೊಂದು, ಇಲ್ಲೊಂದು ಇರವಲ್ದ್ಯಾಕ? ಇನ್ನೊಂದು ಕೇಳ್ರಿ. ಇಲ್ಲಿ ಗೇಟಿನ ಗಂಟಿ ಹೊಡದಾಗ ಅಲ್ಲೂ ಹೊಡೀತೈತಿ. ಈ ಕಿವಿಗೂ ಕೇಳತೈತಿ, ಫೋನಿನಾಗೂ ಕೇಳತೈತಿ. ಹಂಗ ಕೂಡಿಸಿಟ್ಟಾರ ರಾಣಿ ಮಂದಿ."

ಬದರಿನಾಥ್ ಮೆಲ್ಲಗೆ ಎದ್ದರು. ಎಂಜಿನಿಯರಿನ ಕಣ್ಣಿಗೆ ಲೆಕ್ಕವೊಂದು ಬಿದ್ದರೆ ಎದುರಿಗೆ ಯಾರಿದ್ದಾರೆಂಬುದು ಕಾಣುವುದಿಲ್ಲ. "ಒಂದ್ನಿಮಿಷ ಅಮ್ಮಾ. ಎರಡು ಗಂಟೆಯೂ ಒಂದೇ ಕ್ಷಣಕ್ಕಾ?"

"ಒಂದ ಕ್ಷಣಕ್ಕ."

"ಪ್ರತಿ ಸಲವೂ?"

"ಮೂರ ವರ್ಷದಿಂದ."

ಅವರು ಬಿಳಿ ಹಲಗೆಯ ಮೇಲೆ ಗೇಟು ಬರೆದರು, ಮನೆ ಬರೆದರು, ಬಾಣ ಎಳೆದರು. ಲಂಡನ್ನನ್ನು ಬರೆದು ಅದರ ಮೇಲೆ ಅಡ್ಡ ಗೀಟು ಹಾಕಿದರು. ಆಮೇಲೆ ತಿರುಗಿ, ನಲವತ್ತೆರಡು ಸ್ಲೈಡಿಗೂ ಬಾರದಿದ್ದ ಹುರುಪಿನಿಂದ ಹೇಳಿದರು: "ಅಮ್ಮಾ, ನಿಮ್ಮ ಮಗ ಫೋನ್ ಮಾಡ್ತಿರೋದು ಲಂಡನ್ನಿಂದ ಅಲ್ಲ. ಇಲ್ಲಿಂದ್ಲೇ. ಈ ಗೇಟಿಂದ ಇನ್ನೂರು ಮೀಟರ್ ಒಳಗೆ!"

ಬಸವ್ವನ ಬಾಯಿ ತೆರೆದಿತ್ತು. ಮೂರು ವರ್ಷದಿಂದ ಯಾವ ಆಘಾತವೂ ಆಗಬಾರದೆಂದು ಕಾಪಾಡಿದ ಎದೆ ಈಗ ನಿಂತಿತೆಂದೇ ಶಿವಪ್ರಸಾದ ಚುರುಮುರಿಯ ಪಾತ್ರೆ ದಾಟಿ ಓಡಿದ. ಅಷ್ಟರಲ್ಲಿ ಮುದುಕಿ ಕೋಲಿಲ್ಲದೆ ಎದ್ದು ನಿಂತಿದ್ದಳು.

"ಇಲ್ಲೇ ಅದಾನ?" ಎಂದಳು. ಆಮೇಲೆ ಎರಡೂ ಕೈ ಎತ್ತಿ ಕೂಗಿದಳು. "ನನ್ನ ಮಗ ಇಲ್ಲೇ ಅದಾನ! ಈ ಊರಾಗ ಅದಾನ ನನ್ನ ಉದ್ಯಾ!"

ಮಕ್ಕಳು ಚಪ್ಪಾಳೆ ಹೊಡೆದವು. ಗಾನವಿಯ ಕಣ್ಣಲ್ಲಿ ನೀರು ಬಂತು. ಅವಳ ಐಡಿಯಾದಿಂದ ಇಷ್ಟು ದೊಡ್ಡ ಫಲ ಹಿಂದೆಂದೂ ಬಂದಿರಲಿಲ್ಲ. ಬಸವ್ವ ದೊಡ್ಡ ಮಗನ ಕಡೆ ತಿರುಗಿದಳು. "ಶಿವ್ಯಾ, ಖರೇ ಹೇಳು. ನೀವಿಬ್ಬರೂ ಜಗಳಾಡೀರೇನ? ಅಂವ ಮನಿಗೆ ಬರವಲ್ಲ ಅಂದ್ರ ಯಾರರ ಬ್ಯಾಡ ಅಂದಿರಬೇಕಲ್ಲ?"

ಅಲ್ಲಿದ್ದ ಕಣ್ಣುಗಳೆಲ್ಲ ಒಂದೇ ಸಲ ಮೇಘಾಳ ಮೇಲೆ ಬಿದ್ದವು. ಮೈದುನ ಮನೆಗೆ ಬರುವುದಿಲ್ಲವೆಂದರೆ ಬೇಡವೆಂದವರು ಯಾರೆಂದು ಕರ್ನಾಟಕದ ಯಾವ ಜಿಲ್ಲೆಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಶಿವಪ್ರಸಾದನಿಗೋ ಬಾಯಿ ಬಿಟ್ಟರೆ ಬಣ್ಣಗೇಡು. ಅವನು ತಲೆಯನ್ನು ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ, ನಡುವಿನ ಒಂದು ದಿಕ್ಕಿಗೆ ಆಡಿಸಿದ. ಹೌದಂತೆ ಎಂದು ಜನ ಅರ್ಥ ಮಾಡಿಕೊಂಡರು.

ಆ ವಾರ ಮೇಘಾ ಅನುಭವಿಸಿದ್ದು ಶತ್ರುವಿಗೂ ಬೇಡ. ಬದರಿನಾಥರ ಹೆಂಡತಿ ರಮಾ ಬಿಸಿಬೇಳೆಬಾತ್ ತಂದು, ಬಾಗಿಲು ತೆರೆದವಳ ಮುಖ ನೋಡದೆ ಒಳಗೆ ನಡೆದು ಬಸವ್ವನ ಕೈಗೇ ಕೊಟ್ಟು ಹೋದರು. "ಇಂಥಾ ತಾಯಿಯನ್ನು ಮಗನಿಂದ ದೂರ ಮಾಡೋಕೆ ಹೇಗಾದರೂ ಮನಸ್ಸು ಬಂತೋ" ಎಂದು ಗೋಡೆಗೆ ಹೇಳಿದರು. "ಉದಯ್ ಅಂಕಲ್ ಹುಡುಕಾಟ" ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಅದಕ್ಕೆ ಶಿವಪ್ರಸಾದನನ್ನೂ ಸೇರಿಸಿದರು, ಎಷ್ಟಾದರೂ ಒಡಹುಟ್ಟಿದವನಲ್ಲವೇ! ಗಾನವಿ ಮಕ್ಕಳಿಗೆ "ಆಯಿಯ ಲಂಡನ್" ಎಂಬ ನಕ್ಷೆ ಬಿಡಿಸಲು ಹೋಂವರ್ಕ್ ಕೊಟ್ಟಳು. ಹನ್ನೆರಡು ನಕ್ಷೆ ಬಂದವು. ಧನಂಜಯನ ನಕ್ಷೆಯಲ್ಲಿ ಗುಡ್ಡ, ಬೇಕರಿ, ಬಿಸ್ಕಿಟ್ ಆದ ಮೇಲೆ ಡೇರಿಯ ಪಕ್ಕ ಒಂದು ಕಾರಿತ್ತು. ಕಾರಿನೊಳಗೆ ಮುಖಕ್ಕೆ ಬಟ್ಟೆ ಹಿಡಿದ ಒಬ್ಬ ಮನುಷ್ಯ. ಕೆಳಗೆ ಕನ್ನಡದಲ್ಲಿ, ಮೂರು ತಪ್ಪಿನೊಡನೆ, "ಭಾನುವಾರ ಅಳುವ ಅಂಕಲ್" ಎಂದು ಬರೆದಿದ್ದ.

ಬದರಿನಾಥ್ ಡೇರಿಯವಳನ್ನು ವಿಚಾರಿಸಿ ಬಂದರು. ಹೌದು, ಒಬ್ಬಾತ ಪ್ರತಿ ಭಾನುವಾರ ಆರಕ್ಕೆ ಬಂದು ಕಾರಿನಲ್ಲೇ ಕೂತು ಮಾತಾಡಿ, ಕಣ್ಣು ಕೆಂಪು ಮಾಡಿಕೊಂಡು ಬಂದು ಹಾಲು ಕೊಂಡು ಹೋಗುತ್ತಾನಂತೆ. ಪಾಪದವನು, ಹೆಂಡತಿ ಬಿಟ್ಟು ಹೋಗಿರಬೇಕು ಎಂದಳಂತೆ. ಗುಂಪಿನಲ್ಲಿ ಆಜ್ಞೆ ಹೊರಟಿತು: "ಭಾನುವಾರ ಸಂಜೆ ಸರಿಯಾಗಿ ಆರಕ್ಕೆ ಎಲ್ಲರೂ ಡೇರಿ ಮುಂದೆ ಸೇರಿ. ಉದಯ್ ತಪ್ಪಿಸಿಕೊಳ್ಳಬಾರದು. ಶಿವಪ್ರಸಾದ್, ನೀವೂ ಬನ್ನಿ." ಶಿವಪ್ರಸಾದ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

"ಹೇಳಿ ಬಿಡ್ರಿ" ಎಂದಳು ಮೇಘಾ. ಗ್ಯಾರೇಜಿನಲ್ಲಿ, ಬಾಗಿಲು ಹಾಕಿಕೊಂಡು. "ನನಗ ಮಂದಿ ಏನರ ಅನ್ಲಿ, ನಾ ತಡಕೋತೀನಿ. ಆದ್ರ ಅತ್ತಿ ಅಡಗಿ ಮನ್ಯಾಗ ಕುಂತು ಶೇಂಗಾ ಹುರಿಯಾಕತ್ತಾರ್ರೀ. ಸತ್ತ ಮಗಗ ಹೋಳಿಗಿ ಮಾಡಾಕತ್ತಾರ. ನನಗ ನೋಡಾಕ ಆಗವಲ್ದು. ಭಾನುವಾರ ನೀವು ಹೇಳದಿದ್ರ ನಾನ ಹೇಳ್ತೀನಿ."

ಪ್ರಾಚಿ ಅಲ್ಲೇ ಸೈಕಲ್ಲಿನ ಹಿಂದೆ ನಿಂತಿದ್ದಳು. "ಡ್ಯಾಡ್, ಐ ಡಿಡಂಟ್ ಡ್ರಾ ದ ಮ್ಯಾಪ್" ಎಂದಳು. "ಐ ಕುಡಂಟ್."

ಶಿವಪ್ರಸಾದನಿಗೆ ಹೇಳುವ ಧೈರ್ಯ ಬರಲಿಲ್ಲ, ಅದರ ಬದಲು ಒಂದು ಉಪಾಯ ಬಂತು. ಇಂಥವರಿಗೆ ಯಾವಾಗಲೂ ಹಾಗೆಯೇ. ಉದಯನನ್ನು ಕೊಲ್ಲಲು ಅವನಿಂದಾಗದು, ಆದರೆ ವರ್ಗ ಮಾಡಿಸಬಹುದಲ್ಲ! ಇನ್ನೂ ದೂರದ, ಇನ್ನೂ ಥಂಡಿಯ, ಮೌಂಟ್ ಆಲ್ಬರ್ಟನ್ನು ಯಾವ ಬಗೆಯಲ್ಲೂ ಹೋಲದ ಒಂದು ರಾಜಧಾನಿಗೆ ಕಳಿಸಿಬಿಟ್ಟರೆ? ನಕಾಶೆ ಬಿಚ್ಚಿ ಮೇಲಕ್ಕೆ ಮೇಲಕ್ಕೆ ಬೆರಳಾಡಿಸಿ ಹೆಲ್ಸಿಂಕಿಯ ಮೇಲೆ ನಿಲ್ಲಿಸಿದ. ಈ ಸಲ ಗಾಜಿನಾಚೆ ನೋಡಿ ಹೇಳುವ ಬೇಜವಾಬ್ದಾರಿ ಮಾಡಲಿಲ್ಲ. ಮೂರು ದಿನ ಓದಿದ, ನಾಲ್ಕು ಪುಟ ಟಿಪ್ಪಣಿ ಮಾಡಿದ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಆರು ತಾಸೂ ಹಗಲಿಲ್ಲ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, "ಅಲ್ಲಿ ಫೋನ್ ಸಿಗುವುದಿಲ್ಲ" ಎಂದು ಬರೆದುಕೊಂಡ. ಜಗತ್ತಿಗೆಲ್ಲ ಫೋನು ತಯಾರಿಸಿ ಕಳಿಸಿದ ದೇಶ ಅದು. ಆದರೆ ಅದರ ಚರಿತ್ರೆಯ ಆ ಭಾಗವನ್ನು ಅವನು ಓದಿರಲಿಲ್ಲ.

ಹುಡುಕಾಟದ ಮಂದಿ ಬರುವುದು ಆರಕ್ಕೆ. ಐದೂವರೆಗೇ ಕರೆ ಮುಗಿಸಿ, ಹಾಲಿನ ಕ್ಯಾನು ಹಿಡಿದು, ತಾನೂ ಹುಡುಕುವವರ ಸಾಲಿನಲ್ಲಿ ನಿಲ್ಲುವುದು ಅವನ ಯೋಜನೆ. ಯೋಜನೆಯಲ್ಲಿ ಒಂದೇ ದೋಷವಿತ್ತು. ಬಸವ್ವ ಜನ್ಮದಲ್ಲಿ ಯಾವ ಬಸ್ಸಿಗೂ ರೈಲಿಗೂ ಒಂದು ತಾಸು ಮೊದಲು ಹೋಗದೆ ಇದ್ದವಳಲ್ಲ. ಮಗ ಗ್ಯಾರೇಜಿನಲ್ಲಿ ಟಿಪ್ಪಣಿ ಬಾಯಿಪಾಠ ಮಾಡುತ್ತಿದ್ದಾಗಲೇ ಅವಳು ಮೊಮ್ಮಗಳ ಕೈ ಹಿಡಿದು, ಹೋಳಿಗೆಯ ಡಬ್ಬಿ ಬಗಲಲ್ಲಿ ಇಟ್ಟುಕೊಂಡು, ಇಷ್ಟು ದಿನ ಪೊರೆಗಣ್ಣಿಗೆ ಮಬ್ಬಾಗಿ, ಕಾರಿನೊಳಗಿಂದಲೇ ದಾಟುತ್ತಿದ್ದ ಆ ರಸ್ತೆಯಲ್ಲಿ ಮೂರು ವರ್ಷದಲ್ಲಿ ಮೊದಲ ಬಾರಿಗೆ ಕಾಲಿಟ್ಟು ನಡೆದು ಬಂದಿದ್ದಳು. ಬಿಸ್ಕಿಟ್ಟನ್ನು ಕಂಡಳು. ಬೇಕರಿ ಕಂಡಳು. ಗುಡ್ಡ ಕಂಡಳು. "ಹೇಳಿದಂಗ ಐತಿ ನೋಡವಾ, ಒಂದ ಮಾತು ಸುಳ್ಳ ಹೇಳಿಲ್ಲ ನಿಮ್ಮ ಕಾಕಾ" ಎಂದಳು. ಕಾಲು ಸೋತು ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಳಿತಳು. ಜಾಹೀರಾತಿನ ದೊಡ್ಡ ಹಲಗೆ ಅಡ್ಡ ಬಂದು, ಮೂವತ್ತು ಹೆಜ್ಜೆ ಹಿಂದೆ ಬಂದು ನಿಂತ ಹಸಿರು ಕಾರಿಗೆ ಅವಳು ಕಾಣಲಿಲ್ಲ.

ಐದೂ ಇಪ್ಪತ್ತೈದಕ್ಕೆ ಅವಳ ಮಡಿಲಲ್ಲಿ ಫೋನು ಹೊಡೆಯಿತು. ಉದಯನ ಮುಖ ಬೆಳಗಿತು.

"ಏ ಬಸವ್ವಾ! ಆರಾಮ ಅದೀ?"

"ಎಲ್ಲಿದ್ದೀಯೋ ನನ್ನ ಮಗನ? ನಾ ನಿನ್ನ ಓಣಿಗೆ ಬಂದೀನಿ!"

ಶಿವಪ್ರಸಾದ ಟಿಪ್ಪಣಿಯ ಮೊದಲ ಪುಟದ ಮೇಲೆ ಎಷ್ಟು ಕಣ್ಣು ನೆಟ್ಟಿದ್ದನೆಂದರೆ ಆ ಮಾತು ಅವನ ತಲೆಗೇ ಹೋಗಲಿಲ್ಲ. "ಅವ್ವಾ, ಕೇಳಿಲ್ಲಿ. ನನಗ ವರ್ಗ ಆಗೇತಿ. ಹೆಲ್ಸಿಂಕಿಗೆ. ದೂರದ ಊರು. ಅಲ್ಲಿ ಸಮುದ್ರನ ಹೆಪ್ಪುಗಟ್ಟತೈತಿ, ಹೊತ್ತ ಬೇಗ ಮುಣಗತೈತಿ. ಇನ್ನ ಮ್ಯಾಲ ಫೋನು..."

ಆಗ ಗೇಟಿನ ಗಂಟೆ ಹೊಡೆಯಿತು. ಬಸವ್ವನ ಎಡಗಿವಿಗೂ ಹೊಡೆಯಿತು, ಬಲಗಿವಿಗೂ ಹೊಡೆಯಿತು. ಅವಳು ಎದ್ದು ನಿಂತು ಸುತ್ತ ನೋಡಿದಳು. ಪ್ರಾಚಿ ಹಲಗೆಯ ಆಚೆ ಇಣುಕಿ ಹಸಿರು ಕಾರನ್ನು ನೋಡಿದಳು. ತಂದೆ ಹಾಕಿಸಿಕೊಂಡ ಆಣೆ ನೆನಪಿತ್ತು. ಹಲ್ಲು ಕಚ್ಚಿದಳು. ಆಮೇಲೆ ಆಯಿಯ ಕೈ ಹಿಡಿದು, ಮೂರು ವರ್ಷದಲ್ಲಿ ಮನೆಯೊಳಗೆ ಎಂದೂ ಆಡದ ನೆಟ್ಟಗಿನ ಕನ್ನಡದಲ್ಲಿ, "ಬಾ ಆಯಿ, ತೋರಸ್ತೀನಿ" ಎಂದಳು.

ಬಸವ್ವ ಕಾರಿನ ಬಾಗಿಲು ತೆರೆದಳು. ಒಳಗೆ ದೊಡ್ಡ ಮಗ, ಬಾಯಿಗೆ ಕರವಸ್ತ್ರ, ಕಿವಿಯಲ್ಲಿ ಫೋನು, ತೊಡೆಯ ಮೇಲೆ ನಾಲ್ಕು ಪುಟದ ಹೆಲ್ಸಿಂಕಿ. ಅವಳು ಅವನನ್ನು ನೋಡಲೇ ಇಲ್ಲ. ಹಿಂದಿನ ಸೀಟಿಗೆ ಬಗ್ಗಿ ನೋಡಿದಳು. ಅಲ್ಲಿ ರಟ್ಟಿನ ಡಬ್ಬಿಗಳಿದ್ದವು. ಒಂದನ್ನು ಸರಿಸಿ ಅದರ ಹಿಂದೆಯೂ ನೋಡಿದಳು.

"ಅಂವ ಎಲ್ಲಿ?" ಎಂದಳು. "ಡಿಕ್ಕಿ ತೆಗಿ."

"ಅವ್ವಾ..."

"ತೆಗಿ ಅಂದೆ."

ಶಿವಪ್ರಸಾದ ಇಳಿದು ಹೋಗಿ ಡಿಕ್ಕಿ ತೆರೆದ. ತಾಯಿ ಹೇಳಿದರೆ ತೆರೆಯಲೇಬೇಕಲ್ಲ. ಒಂದು ಛತ್ರಿ, ಒಂದು ಟಯರು, ಪ್ರಾಚಿಯ ಹಳೆಯ ಬೂಟು. ಬಸವ್ವ ಅವನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮಗನ ಕೈಯಲ್ಲಿದ್ದ ಕರವಸ್ತ್ರವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮುಂದೆ ಬಂದು ಡ್ರೈವರಿನ ಪಕ್ಕದ ಸೀಟಿನಲ್ಲಿ ಕುಳಿತು, ಹೋಳಿಗೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡಳು. ಶಿವಪ್ರಸಾದನೂ ಬಂದು ಕುಳಿತ. ಪ್ರಾಚಿ ಹಿಂದೆ ಡಬ್ಬಿಗಳ ನಡುವೆ ಕುಳಿತಳು.

"ಯಾವಾಗ?"

"ನಿನ್ನ ಆಪರೇಷನ್ ಆಗಿ ಆರ ದಿನಕ್ಕ. ಬಸ್ಸಿಗೆ ನಿಂತಾಂವ ಅಲ್ಲೇ ಬಿದ್ದ."

ಮುದುಕಿಯ ತುಟಿಗಳು ಅಲುಗಿದವು. ಮೂರು ವರ್ಷದ ಭಾನುವಾರಗಳನ್ನು ಎಣಿಸಿದಳೋ, ಮಂತ್ರ ಹೇಳಿಕೊಂಡಳೋ ತಿಳಿಯದು. "ಮಣ್ಣ ಕೊಟ್ಟವರ್‍ಯಾರು?" ಎಂದಳು.

"ಅವನ ಆಸ್ಪತ್ರಿ ಮಂದಿ, ಅವ್ವಾ. ನಮಗ ಗುರ್ತಿಲ್ಲದವರು. ನಾ ಫೋನಿನಾಗ ನೋಡಿದೆ. ವಿಭೂತಿ ಹಚ್ಚರಿ ಅಂತ ಹೇಳಿದ್ದೆ, ಹಚ್ಚಿದರು." ಇಷ್ಟು ಹೇಳುವಷ್ಟರಲ್ಲಿ ನಲವತ್ತೈದು ವರ್ಷದ ಗಂಡಸು ಸ್ಟೀರಿಂಗಿಗೆ ಹಣೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತ. ಮೂರು ವರ್ಷ ತಮ್ಮನ ದನಿಯಲ್ಲಿ ನಕ್ಕವನಿಗೆ ತನ್ನ ದನಿಯಲ್ಲಿ ಅಳಲು ಅಂದೇ ಬಿಡುವು ಸಿಕ್ಕಿದ್ದು.

ಎರಡೂ ಫೋನುಗಳು ಇನ್ನೂ ಕೂಡಿಕೊಂಡೇ ಇದ್ದವು. ಬಸವ್ವನ ಕೈಯಲ್ಲಿ ಉದಯನ ಮುಖ ಬೆಳಗುತ್ತಿತ್ತು. ಶಿವಪ್ರಸಾದ ಮೂಗು ಒರೆಸಿಕೊಂಡು ತನ್ನ ಫೋನು ಆರಿಸಲು ಕೈ ಚಾಚಿದ.

"ಇಡಬ್ಯಾಡ" ಎಂದಳು ತಾಯಿ.

ಅವಳು ಮುಖವನ್ನು ಕಿಟಕಿಯ ಕಡೆಗೆ, ಗುಡ್ಡದ ಕಡೆಗೆ ತಿರುಗಿಸಿ, ತನ್ನ ಫೋನನ್ನು ಕಿವಿಗೆ ಹಿಡಿದಳು.

"ಹೆಲ್ಸಿಂಕಿ ಅಂದೇನಪಾ ಉದ್ಯಾ?" ಎಂದಳು. "ಭಾಳ ಥಂಡಿ ಅಂತೀ. ಕಿವಿಗೆ ಮಫ್ಲರ್ ಕಟ್ಟಿಕೊಂಡ ಹೋಗು. ಅಲ್ಲಿ ಬಸ್ಸಿಗೆ ಭಾಳ ಹೊತ್ತ ನಿಂದರಬ್ಯಾಡ."

ಶಿವಪ್ರಸಾದ ಫೋನನ್ನು ಬಾಯಿಯ ಬಳಿ ತಂದ. ಕರವಸ್ತ್ರವನ್ನು ಅಡ್ಡ ಹಿಡಿಯಲಿಲ್ಲ.

"ಹೂಂ ಅವ್ವಾ."

"ಹೋಗಿ ಬಾ ಮತ್ತ."

ಹಾಗೆಂದು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮಗನ ದನಿ ಕಡಿಯದ ಬಸವ್ವ ಕನ್ನಡಕ ಸರಿಮಾಡಿಕೊಂಡು, ಕೆಂಪು ಗುಂಡಿಯನ್ನು ಹುಡುಕಿ, ತೋರುಬೆರಳಿನಿಂದ ತಾನೇ ಒತ್ತಿದಳು.

ಸರಿಯಾಗಿ ಆರಕ್ಕೆ ಬದರಿನಾಥ್ ಟಾರ್ಚು ಹಿಡಿದು ಬಂದರು. ಹಿಂದೆ ರಮಾ, ಗಾನವಿ, ಕೈಯಲ್ಲಿ ನಕ್ಷೆ ಹಿಡಿದ ಹನ್ನೆರಡು ಮಕ್ಕಳು, ಎಲ್ಲರಿಗಿಂತ ಹಿಂದೆ ಮೇಘಾ. ಧನಂಜಯ ತನ್ನ ನಕ್ಷೆಯನ್ನೂ ಕಾರನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದ. ಮಕ್ಕಳ ಮೂಗುಗಳು ಗಾಜಿಗೆ ಅಂಟಿದವು. ಬಸವ್ವ ಬಾಗಿಲು ತೆರೆದು ಇಳಿದಳು.

"ಸಿಕ್ಕಿದ್ರಾ ಅಮ್ಮಾ? ಉದಯ್ ಸಿಕ್ಕಿದ್ರಾ?" ಎಂದರು ಬದರಿನಾಥ್, ಏದುಸಿರು ಬಿಡುತ್ತ.

"ಸಿಕ್ಕಿದ್ದ" ಎಂದಳು ಬಸವ್ವ. "ಈಗ ಹೋದ."

ಯಾರಿಗೂ ಏನೂ ತಿಳಿಯಲಿಲ್ಲ. ಶಿವಪ್ರಸಾದನ ಮುಖ ನೋಡಿದ ರಮಾ ಮಾತ್ರ ಮೇಘಾಳ ಕಡೆ ತಿರುಗಿ ಅವಳ ಕೈ ಹಿಡಿದುಕೊಂಡರು. ಬಸವ್ವ ಸೊಸೆಯನ್ನು ಹತ್ತಿರ ಕರೆದು ಡಬ್ಬಿ ಹಿಡಿದುಕೊಳ್ಳಲು ಕೊಟ್ಟಳು, ಮುಚ್ಚಳ ತೆಗೆದಳು, ಮಕ್ಕಳನ್ನು ಸಾಲಾಗಿ ನಿಲ್ಲಲು ಹೇಳಿದಳು. ಮಣ್ಣು ಮಾಡಿದ ಮನೆಯವರು ಬಂದವರ ಬಾಯಿ ಸಿಹಿ ಮಾಡದೆ ಕಳಿಸಬಾರದು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹೋಳಿಗೆ ಇಟ್ಟಳು. ಕೊನೆಯದನ್ನು ಮುರಿದು ಅರ್ಧ ಶಿವಪ್ರಸಾದನಿಗೆ ಕೊಟ್ಟು, ಉಳಿದರ್ಧವನ್ನು ಕುಂಟುತ್ತ ಬಂದ ಬಿಸ್ಕಿಟ್ಟಿಗೆ ಹಾಕಿದಳು.